ಮೊಣಕೈ ಕೆಳಗಿನ ಕೈ

ಬಸ್ಸಿನಲ್ಲಿ ತನ್ನ ಮೂಗಿನ ಮುಂದೆಯೇ ಕಂಬಿ ಹಿಡಿದು ನೇತಾಡುತ್ತಿದ್ದ ತೋಳುಗಳನ್ನೆಲ್ಲ ನೋಡಿ ಮೇಷ್ಟ್ರಿಗೆ ಬೆಳಗ್ಗೆ ಬೆಳಗ್ಗೆಯೇ ಸಿಟ್ಟು ಬಂತು. ಒಬ್ಬೊಬ್ಬರೂ ಎಷ್ಟು ಸಲೀಸಾಗಿ ಎತ್ತಿಬಿಟ್ಟಿದ್ದಾರೆ! ಒಂದು ಕೈಯಲ್ಲಿ ಫೋನು ಒತ್ತುತ್ತ, ಇನ್ನೊಂದು ಕೈ ಮೇಲೆ ಹೋಗಿರುವುದೇ ನೆನಪಿಲ್ಲದವರ ಹಾಗೆ ನಿಂತಿದ್ದಾರೆ. ಹೆಗಲೆಲುಬು ಪಕ್ಕೆಲುಬಿನ ಮೇಲೆ ಜಾರಬೇಕು, ತೋಳಿನ ಮೂಳೆಯ ಗುಂಡು ತನ್ನ ಗುಳಿಯಲ್ಲಿ ಉರುಳಬೇಕು, ಸ್ನಾಯುಗಳೆಲ್ಲ ಒಂದರ ಬೆನ್ನಿಗೆ ಒಂದು ಸರಿಯಾದ ಗಳಿಗೆಗೆ ಏಳಬೇಕು, ಆಗ ಈ ಕೈ ಆ ಕಂಬಿಗೆ ಹೋಗುತ್ತದೆ. ಇದನ್ನೆಲ್ಲ ಓದುವ ಮುಂಚೆ ಮೇಷ್ಟ್ರು ಮನುಷ್ಯರನ್ನು ನೋಡುತ್ತಿದ್ದರು. ಈಗ ಮೊದಲು ಭುಜ ಕಾಣುತ್ತದೆ, ಬೆನ್ನು ಕಾಣುತ್ತದೆ, ಮುಖ ಕಾಣುವುದು ಆಮೇಲೆ, ಅದೂ ಕಂಡರೆ. ಪಕ್ಕದಲ್ಲಿ ನಿಂತಿದ್ದವನೊಬ್ಬ ಆಕಳಿಸುತ್ತ ಕಂಬಿ ಬಿಟ್ಟು, ಕುತ್ತಿಗೆ ಕೆರೆದುಕೊಂಡು, ಮತ್ತೆ ಕಂಬಿ ಹಿಡಿದ. ನೋಡದೆಯೇ ಹಿಡಿದ. ಅಯೋಗ್ಯ, ಎಂದುಕೊಂಡರು ಮೇಷ್ಟ್ರು. ಆಸ್ಪತ್ರೆಯ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಲಕ್ವ ಹೊಡೆದು ಮಲಗಿರುವ ಕಂಡಕ್ಟರಿಗೆ ಇವನ ಭುಜ ಒಂದರ್ಧ ಗಳಿಗೆ ಸಿಕ್ಕಿದ್ದರೂ ಇವತ್ತಿನ ಪರೀಕ್ಷೆಯಲ್ಲಿ ತನ್ನ ಮಾನ ಉಳಿಯುತ್ತಿತ್ತು.

ಮೇಷ್ಟ್ರೇ ಎಂದು ಈಗ ಅವರನ್ನು ಕರೆಯುವವರು ಯಾರೂ ಅವರ ಕೈಕೆಳಗೆ ಓದಿದವರಲ್ಲ. ಶಾಲೆಯಲ್ಲಿ ಆಟದ ಪಿರಿಯಡ್ಡು ತೆಗೆದು ಆ ಜಾಗಕ್ಕೆ ಕಂಪ್ಯೂಟರ್ ತಂದಾಗ ಡ್ರಿಲ್ ಮೇಷ್ಟ್ರು ತಮ್ಮ ಸೀಟಿಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಿದ್ದರು. ಹೆಡ್‌ಮಾಸ್ತರು "ಲೈಬ್ರರಿ ನೋಡ್ಕೊಳ್ಳಿ" ಅಂದದ್ದಕ್ಕೆ "ನಿಮ್ಮ ಲೈಬ್ರರಿ ನೀವೇ ನೋಡ್ಕೊಳ್ಳಿ" ಅಂದಿದ್ದರು. ವಯಸ್ಸಾದವರೂ ಎರಡು ವರ್ಷದ ಡಿಪ್ಲೊಮಾ ಓದಿ ಫಿಸಿಯೋಥೆರಪಿ ಕೆಲಸಕ್ಕೆ ಸೇರಬಹುದು ಎಂಬ ಜಾಹೀರಾತನ್ನು ತೋರಿಸಿದವಳು ಹೆಂಡತಿ. ತೋರಿಸಿದ್ದು ಓದಲಿ ಅಂತಲ್ಲ, ಮನೆಯಲ್ಲಿ ಕೂತು ಗೋಡೆಗೂ ಬಾಗಿಲಿಗೂ ರೇಗುವುದನ್ನು ಬಿಡಲಿ ಅಂತ. ತಲೆ ಅರ್ಧ ನೆರೆತ ಮೇಲೆ ತನ್ನ ಮಗಳ ವಯಸ್ಸಿನವರ ನಡುವೆ ಬೆಂಚಿನ ಮೇಲೆ ಕೂತಾಗ, ಮೊದಲ ತಿಂಗಳಲ್ಲೇ ಅಂಗಿ ಬಿಚ್ಚಿಸಿದರು. ಒಬ್ಬರ ಮೈ ಮುಟ್ಟಿ ಇನ್ನೊಬ್ಬರು ಕಲಿಯಬೇಕು, ಈ ವಿದ್ಯೆಗೆ ಬೇರೆ ದಾರಿ ಇಲ್ಲ. ಜುಟ್ಟು ಕಟ್ಟಿಕೊಂಡ ಒಬ್ಬ ಹುಡುಗಿ ಅವರ ಬೆನ್ನಿನ ಮೇಲೆ ಬೆರಳಾಡಿಸಿ, "ಅಂಕಲ್, ನಿಮ್ಮ ಮೂಳೆ ಎಷ್ಟು ಚೆನ್ನಾಗಿ ಸಿಗ್ತವೆ!" ಅಂದಳು. ಅಲ್ಲಿಂದ ಮುಂದೆ ತರಗತಿಗೆಲ್ಲ ಅವರದೇ ಬೆನ್ನು. ಹೆಗಲೆಲುಬಿನ ಅಂಚಿಗೆ ಕೆಂಪು ಗೆರೆ, ಬೆನ್ನುಮೂಳೆಯ ಗಂಟುಗಳಿಗೆ ಕಪ್ಪು ಚುಕ್ಕೆ. ಒಬ್ಬೊಬ್ಬರೇ ಬಂದು ಒತ್ತಿ, ಗೆರೆ ಎಳೆದು, "ಥ್ಯಾಂಕ್ಸ್ ಅಂಕಲ್" ಅಂದು ಹೋಗುತ್ತಿದ್ದರು. ಮೊದಲ ಸಲ ಬರೆಸಿಕೊಂಡು ಬಂದ ಸಂಜೆ ಬಚ್ಚಲಲ್ಲಿ ಹೆಂಡತಿ ಬೆನ್ನು ಉಜ್ಜುತ್ತ, "ಏನ್ರೀ ಇದು, ಒಡೆದುಹಾಕೋ ಗೋಡೆಗೆ ಗುರುತು ಹಾಕಿದ ಹಾಗಿದೆ?" ಅಂದಳು.

"ಕಲಿಯೋಕೆ ಬರೆದದ್ದು."

"ಯಾರು ಕಲಿಯೋಕೆ? ಅವರೋ, ನೀವೋ?"

ಆಕೆ ತಮಾಷೆಗೆ ಅಂದದ್ದು. ಮೇಷ್ಟ್ರು ಚೊಂಬನ್ನು ನೆಲಕ್ಕೆ ಕುಕ್ಕಿ ಎದ್ದು ಹೋಗಿದ್ದರು. ಆ ಶಾಯಿ ಎಷ್ಟು ಉಜ್ಜಿದರೂ ಬಿಡಲಿಲ್ಲ. ಅಂಗಿಯ ಒಳಗೆ ಯಾರದೋ ಕೈಬರಹ ಹೊತ್ತುಕೊಂಡು ವಾರವೆಲ್ಲ ಓಡಾಡಿದ್ದರು. ಈಗಲೂ ಬಸ್ಸಿನ ಕಂಬಿಗೆ ಕೈ ಚಾಚಿದಾಗ ಬೆನ್ನಿನ ಆ ಗೆರೆಗಳು ಎಳೆದಂತಾಗುತ್ತದೆ. ಮೇಷ್ಟ್ರು ಕಂಬಿ ಬಿಟ್ಟು ಸೀಟಿನ ಬೆನ್ನನ್ನು ಹಿಡಿದುಕೊಂಡರು.

ಆಸ್ಪತ್ರೆಯ ತಿರುವು ಬಂದಾಗ ಬಾಗಿಲ ಕಡೆಗೆ ಸರಿದರು. ಓದಿನಲ್ಲಿ ಅವರು ದಡ್ಡರಲ್ಲ. ಉರು ಹೊಡೆಯಬೇಕಾದ್ದನ್ನು ಉರು ಹೊಡೆದಿದ್ದಾರೆ, ಬರೆಯಬೇಕಾದ್ದನ್ನು ಬರೆದಿದ್ದಾರೆ. ಹೋದ ಸಲ ಫೇಲಾದದ್ದು ವಾರ್ಡಿನಲ್ಲಿ, ಬೇರೊಬ್ಬ ರೋಗಿಯ ಮುಂದೆ. ಪರೀಕ್ಷೆ ಮಾಡುವ ಮೇಡಂ ಅವರಿಗಿಂತ ಚಿಕ್ಕವರು, ದನಿ ಎತ್ತುವವರಲ್ಲ. ಅದಕ್ಕೇ ಅವರ ಮಾತು ಒಳಗೆ ಹೋಗಿ ಕೂರುತ್ತದೆ. "ನೀವು ಕಾಯೋದೇ ಇಲ್ಲ ಮೇಷ್ಟ್ರೇ. ರೋಗಿಯ ಮೆದುಳು ದಾರಿ ಹುಡುಕ್ತಾ ಇರುತ್ತೆ. ಅಷ್ಟರಲ್ಲಿ ನೀವೇ ಎತ್ಕೊಂಡು ಹೋಗಿ ಮನೆ ಬಾಗಿಲಿಗೆ ಬಿಟ್ಟುಬಿಡ್ತೀರಿ. ಅವರಿಗೆ ದಾರಿ ಗೊತ್ತಾಗೋದು ಯಾವಾಗ?" ಅಂದಿದ್ದರು. ಹೇಳಬೇಕು, ತೋರಿಸಬೇಕು, ಆಮೇಲೆ ಕೈ ತೆಗೆದು ಕಾಯಬೇಕು. ಇಡೀ ವಿದ್ಯೆ ಇಷ್ಟೇ ಎಂದಿದ್ದರು. ಮತ್ತೊಂದು ಅವಕಾಶ ಕೊಟ್ಟಿದ್ದರು. ಇದರಲ್ಲೂ ಫೇಲಾದರೆ ಮನೆಗೆ. ಕಾಯುವುದಂತೆ. ಜೀವಮಾನವಿಡೀ ಸೀಟಿ ಊದಿ ಒಂದು ಎರಡು ಎಂದವರು ಕಾಯುವುದನ್ನು ಎಲ್ಲಿಂದ ತರಬೇಕು? ಮಗಳಿಗೆ ಸೈಕಲ್ ಕಲಿಸಿದ ಬೇಸಿಗೆ ನೆನಪಾಯಿತು. ಬೇರೆ ಅಪ್ಪಂದಿರು ಸೀಟು ಹಿಡಿದು ಓಡಿ ಒಂದು ದಿನ ಗೊತ್ತಾಗದ ಹಾಗೆ ಬಿಡುತ್ತಾರೆ. ಇವರು ಬಿಡಲೇ ಇಲ್ಲ. ಬಿದ್ದಾಳು ಅಂತ ಬೇಸಿಗೆಯಿಡೀ ಹಿಂದೆಯೇ ಓಡಿದರು, ಬಿಟ್ಟಿದ್ದೇನೆ ಎಂದು ಕೂಗಿ ಹೇಳುತ್ತ. ಅವಳು ನಗುತ್ತ ಗೆಳತಿಯರಿಗೆಲ್ಲ ತೋರಿಸುತ್ತ ಹೋಗಿ, ಒಂದು ಸಲ ಹಿಂತಿರುಗಿ ನೋಡಿದಳು. ಸೀಟಿನ ಮೇಲೆ ಅಪ್ಪನ ಕೈ. ಅವಳು ಅಳಲಿಲ್ಲ. ಸೈಕಲನ್ನು ರಸ್ತೆಯಲ್ಲೇ ಮಲಗಿಸಿ ನಡೆದು ಮನೆಗೆ ಹೋದಳು. ಈಗಲೂ ಅವಳಿಗೆ ಸೈಕಲ್ ಬರುವುದಿಲ್ಲ. ಅಪ್ಪನ ಹತ್ತಿರ ಏನಾದರೂ ಹೇಳುವಾಗ ಈಗಲೂ ಮುಖ ಬೇರೆ ಕಡೆಗಿರುತ್ತದೆ.

ವಾರ್ಡಿನಲ್ಲಿ ಫಿನಾಯಿಲ್ ಒರೆಸಿದ ನೆಲ ಇನ್ನೂ ಒದ್ದೆಯಿತ್ತು. ಬಾಗಿಲಲ್ಲಿ ಅವರನ್ನು ಕಂಡದ್ದೇ ಕಂಡಕ್ಟರು ಎಂದಿನಂತೆ ಕೂಗಿದರು: "ಒಳಗೆ ಬನ್ನಿ, ಒಳಗೆ ಬನ್ನಿ! ಬಾಗಿಲಲ್ಲಿ ನಿಲ್ಬೇಡಿ, ಮುಂದೆಲ್ಲ ಖಾಲಿ ಇದೆ!" ಪಕ್ಕದ ಮಂಚದವರು ನಕ್ಕರು. ಲಕ್ವ ಹೊಡೆದದ್ದು ಎಡಭಾಗಕ್ಕೆ, ನಾಲಿಗೆ ಉಳಿದಿತ್ತು. ಮೊದಲ ದಿನ ಮೇಷ್ಟ್ರು ಕ್ರಮದ ಪ್ರಕಾರ, ನಿಮಗೆ ಮುಂದೆ ಏನು ಮಾಡೋ ಹಾಗಾಗಬೇಕು ಎಂದು ಕೇಳಿದ್ದಕ್ಕೆ, "ಬಸ್ಸಲ್ಲಿ ನಿಂತು ಹೋಗ್ಬೇಕು. ಕಂಬಿ ಹಿಡ್ಕೊಂಡು. ಟಿಕೆಟ್ ಹರಿಯೋ ಕೈ ಬಲಗೈ, ಅದಿದೆ. ನನ್ನ ನಿಲ್ಲಿಸಿದ್ದು ಎಡಗೈ ಕಣ್ರೀ. ಬಸ್ಸಲ್ಲಿ ಕೂತು ಹೋಗೋದು ನನಗೆ ಅಭ್ಯಾಸ ಇಲ್ಲ" ಅಂದಿದ್ದರು. ಆಮೇಲೆ ಇಬ್ಬರೂ ಸೇರಿ ದಾರಿ ಗೊತ್ತುಮಾಡಿಕೊಂಡರು. ತೊಡೆಯ ಮೇಲೆ ಕೈ ಇದ್ದರೆ ಡಿಪೋ. ಹೊಕ್ಕುಳು ಮೊದಲನೇ ಸ್ಟಾಪು, ಎದೆ ಎರಡನೆಯದು, ಭುಜ ಮೂರನೆಯದು, ಕಂಬಿ ಕೊನೇ ಸ್ಟಾಪು. ದಿನಗಟ್ಟಲೆ ಬಸ್ಸು ಡಿಪೋ ಬಿಡಲಿಲ್ಲ. ಹತ್ತಿಯ ಎಳೆ ಮುಟ್ಟಿಸಿದರೆ ಎಡತೋಳಿಗೆ ಗೊತ್ತಾಗುತ್ತಿರಲಿಲ್ಲ. ಸೂಜಿ ಚುಚ್ಚಿದರೂ ಇಲ್ಲ. "ಈಗ ಮುಟ್ಟಿದ್ರಾ?" ಎಂದು ಕಂಡಕ್ಟರು, ಮುಟ್ಟಿ ಎಷ್ಟೋ ಹೊತ್ತಾದ ಮೇಲೆ ಕೇಳುತ್ತಿದ್ದರು.

ಹೋದ ವಾರ ಒಂದು ಮಧ್ಯಾಹ್ನ ನಡೆದದ್ದನ್ನು ಮೇಷ್ಟ್ರು ತಾನು ಮಾಡಿದ್ದು ಎಂದು ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ. ನಡೆದುಹೋಯಿತು ಎಂದೇ ನೆನೆಸಿಕೊಳ್ಳುತ್ತಾರೆ. ಕಂಡಕ್ಟರ ಮಗಳು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು. ಬಟ್ಟೆ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ಅಪ್ಪನ ಮಂಚ ಕಾಯುತ್ತಿದ್ದವಳು. ತೋಳಿನ ಮೇಲೆ ಟವೆಲ್ ಹೊದಿಸಿತ್ತು, ಟವೆಲಿನ ಕೆಳಗೆ ಕಂಡಕ್ಟರ ಮೊಣಕೈ, ಮೊಣಕೈ ಕೆಳಗೆ ಮೇಷ್ಟ್ರ ಅಂಗೈ. ಭಾರ ಹೊರುವುದಕ್ಕೆ ಕೈ ಕೊಡಬಹುದು, ಎತ್ತುವುದಕ್ಕೆ ಕೊಡಬಾರದು. ಇವೆರಡರ ನಡುವೆ ಎಷ್ಟು ಅಂತರ ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಕಂಡಕ್ಟರ ಕುತ್ತಿಗೆಯ ನರ ಉಬ್ಬಿ, ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿತ್ತು. ತನ್ನದೇ ಕೈಯನ್ನು ಯಾರೋ ಅಪರಿಚಿತನನ್ನು ಬೇಡುವ ಹಾಗೆ ನೋಡುತ್ತಿದ್ದರು. ಸಾಕು ಮಾರಾಯ, ನೋಡೋಕಾಗಲ್ಲ, ಎಂದು ಮೇಷ್ಟ್ರಿಗೆ ಅನಿಸಿತು. ಅಂಗೈ ಮೇಲೆ ಹೋಯಿತು. ಕೈ ತೊಡೆ ಬಿಟ್ಟು ಎದ್ದಿತು. "ಅಪ್ಪಾ!" ಎಂದು ಹುಡುಗಿ ಸ್ಟೂಲು ಬೀಳಿಸಿಕೊಂಡು ನಿಂತಳು. ಕಂಡಕ್ಟರು ವಾರ್ಡಿಗೆಲ್ಲ ಕೇಳುವ ಹಾಗೆ "ರೈಟ್! ರೈಟ್! ಮೊದಲನೇ ಸ್ಟಾಪು!" ಎಂದು ಕಿರುಚಿ ಬಿಕ್ಕಿ ಬಿಕ್ಕಿ ಅತ್ತರು. ಜೀವ ಬರುತ್ತಿರುವ ತೋಳಾದರೆ ಎತ್ತುವಾಗ ಅಂಗೈಗೆ ಒಂದಿಷ್ಟು ಹಗುರ ಅನಿಸುತ್ತದೆ. ಆ ತೋಳು ಶುರುವಿನಿಂದ ಕೊನೆಯವರೆಗೆ ಒಂದೇ ತೂಕ ಇತ್ತು, ನೆನೆದ ಮರಳಿನ ಚೀಲದ ಹಾಗೆ. ಅದು ಗೊತ್ತಿದ್ದದ್ದು ಲೋಕದಲ್ಲಿ ಒಂದೇ ಒಂದು ಅಂಗೈಗೆ. ಕಂಡಕ್ಟರಿಗೆ ಮೊಣಕೈ ಕೆಳಗೆ ಇನ್ನೊಂದು ಕೈ ಇದೆ ಎಂದೇ ಗೊತ್ತಿರಲಿಲ್ಲ.

ಮಾರನೇ ದಿನ ನಿಲ್ಲಿಸಬಹುದಿತ್ತು. ಮಾರನೇ ದಿನ ಹುಡುಗಿ ಮೇಷ್ಟ್ರಿಗಾಗಿ ಬಿಸ್ಕತ್ತಿನ ಪೊಟ್ಟಣ ತಂದಿದ್ದಳು. ಅದರ ಮಾರನೇ ದಿನ, ಒಂದೇ ಕೈಯಲ್ಲಿ ಅಂಗಿ ತೊಡುವುದನ್ನು ಕಲಿಸಲು ಬಂದವರನ್ನು ಕಂಡಕ್ಟರು, "ಎರಡೂ ಕೈ ಬರ್ತಾ ಇರೋವಾಗ ಒಂದ್ಕೈಲಿ ಯಾಕ್ರೀ ಒದ್ದಾಡ್ಲಿ? ಮುಂದಿನ ಬಸ್ಸಿಗೆ ಬನ್ನಿ" ಎಂದು ವಾಪಸು ಕಳಿಸಿದರು. ಅಪ್ಪನನ್ನು ಮಂಚದಿಂದ ಕುರ್ಚಿಗೆ ಇಳಿಸುವುದನ್ನು ಕಲಿಯುತ್ತಿದ್ದ ಹುಡುಗಿ ಅದನ್ನೂ ಬಿಟ್ಟಳು. ಆ ಉಳಿದ ಒಂದು ಕೈ ಕಲಿಯಬೇಕಾಗಿದ್ದ ಗುಂಡಿ, ಬಾಚಣಿಗೆ, ನೀರಿನ ಲೋಟ, ಎಲ್ಲವೂ ಒಂದೊಂದಾಗಿ ಹಿಂದೆ ಬಿದ್ದದ್ದನ್ನು ಮೇಷ್ಟ್ರು ನೋಡುತ್ತಲೇ ಇದ್ದರು. ನೋಡುತ್ತ ನೋಡುತ್ತ ಟವೆಲಿನ ಕೆಳಗೆ ಅಂಗೈ ಇಡುತ್ತಲೇ ಇದ್ದರು. ನಿನ್ನೆ ಬಸ್ಸು ಎರಡನೇ ಸ್ಟಾಪು ಮುಟ್ಟಿತ್ತು.

"ಏನ್ ಮೇಷ್ಟ್ರೇ, ಮುಖ ಹರಳೆಣ್ಣೆ ಕುಡಿದ ಹಾಗಿದೆ?" ಅಂದರು ಕಂಡಕ್ಟರು. ಕೂದಲಿಗೆ ಎಣ್ಣೆ ಹಚ್ಚಿ ಬಾಚಿಸಿಕೊಂಡಿದ್ದರು. ಒಗೆದ ಅಂಗಿ. ಗುಂಡಿಗಳನ್ನು ಮಗಳು ಹಾಕಿಕೊಟ್ಟಿದ್ದಳು. "ಹೆದರ್ಬೇಡಿ. ಇವತ್ತು ನಿಮ್ಮ ಮೇಡಂಗೆ ಮೂರನೇ ಸ್ಟಾಪೇ ತೋರಿಸ್ಬಿಡೋಣ."

"ಅಪ್ಪ ಬೆಳಗ್ಗಿಂದ ಇದೇ ಜಪ ಸರ್," ಅಂದಳು ಮಗಳು. "ನಾನು ಅಂಗಡಿಗೆ ಹೇಳಿಬಿಟ್ಟೆ, ಬರೋ ತಿಂಗಳಿಂದ ಬರ್ತೀನಿ ಅಂತ."

ಟವೆಲಿನ ಕೆಳಗಿನ ನಿಜ ಹೇಳಲು ಇದೇ ಸಮಯ. ನೋಡಮ್ಮ, ಎಂದು ಶುರುಮಾಡಬಹುದಿತ್ತು. ಆದರೆ ಬಂದ ಮಾತು ಬೇರೆ. "ಯಾರು ಹೇಳಿದ್ರು ನಿಂಗೆ ಈಗಲೇ ಹೇಳೋಕೆ? ಏನ್ ಅವಸರ ಇತ್ತು?" ಎಂದು ರೇಗಿದರು. ಹುಡುಗಿ ಪೆಚ್ಚಾದಳು. ಕಂಡಕ್ಟರು ಮಗಳ ಕಡೆ ಕಣ್ಣು ಮಿಟುಕಿಸಿ, "ಬಿಡು ಮಗಾ, ಮೇಷ್ಟ್ರಿಗೆ ಪರೀಕ್ಷೆ. ನಿಂಗೆ ಪರೀಕ್ಷೆ ಇದ್ದಾಗ ನೀನೂ ನನ್ನ ಮೇಲೆ ಹಾರಾಡ್ತಿರಲಿಲ್ವಾ?" ಅಂದರು.

ಮೇಡಂ ಬಂದು ಕಾಲ ಕಡೆ ಕುರ್ಚಿ ಎಳೆದುಕೊಂಡು ಕೂತರು. ಟವೆಲನ್ನು ತೆಗೆದು ಮಡಿಚಿ ಪಕ್ಕಕ್ಕಿಟ್ಟರು. "ಶುರು ಮಾಡಿ. ಕೈ ಹಿಂದಕ್ಕೆ ಕಟ್ಕೊಳ್ಳಿ ಮೇಷ್ಟ್ರೇ. ಇವತ್ತು ಬರೀ ಮಾತಲ್ಲಿ." ಮಕ್ಕಳಿಗೆ ಹೇಳುವಂತೆ ಹೇಳಿದರು. ಬಿಸಿಲಲ್ಲಿ ಸಾಲುಸಾಲು ಹುಡುಗರನ್ನು ಕೈ ಹಿಂದೆ ಕಟ್ಟಿಸಿ ನಿಲ್ಲಿಸಿದವರು ತಾವೇ ಹಾಗೆ ನಿಂತರು. ಹೇಳಬೇಕಾದ್ದನ್ನು ಹೇಳಿದರು, ದನಿ ಎತ್ತದೆ: ಭುಜ ಸಡಿಲ ಬಿಡಿ, ಮೊಣಕೈ ಮುಂದಕ್ಕೆ ಹೋಗೋದನ್ನ ನೆನೆಸಿಕೊಳ್ಳಿ, ಈಗ ಎತ್ತಿ. ಕಂಡಕ್ಟರು ನಗುತ್ತಲೇ "ರೈಟ್" ಅಂದರು. ಕೈ ತೊಡೆಯ ಮೇಲಿತ್ತು. ಬೆರಳುಗಳು ಒಳಗೆ ಮಡಿಚಿಕೊಂಡು ಮಲಗಿದ ಮಗುವಿನ ಮುಷ್ಟಿಯಂತಿದ್ದವು. ಮೇಷ್ಟ್ರು ಕಾದರು. ಕಿಟಕಿಯಾಚೆ ಯಾರೋ ಗಾಡಿ ಶುರುಮಾಡಲು ಒದೆಯುತ್ತಿದ್ದರು, ಅದು ಕೆಮ್ಮಿ ಕೆಮ್ಮಿ ನಿಲ್ಲುತ್ತಿತ್ತು. ಕಂಡಕ್ಟರ ನಗು ಮುಖದ ಮೇಲೆಯೇ ಉಳಿದಿತ್ತು, ಅದನ್ನು ತೆಗೆಯಲು ಮರೆತಂತೆ. ಕುತ್ತಿಗೆಯ ನರ ಉಬ್ಬಿತು. ಮೇಷ್ಟ್ರ ಬೆನ್ನ ಹಿಂದೆ ಬಲಗೈ ಎಡಗೈಯ ಮಣಿಕಟ್ಟನ್ನು ಹಿಡಿದಿತ್ತು; ಉಗುರು ನಾಟುತ್ತಿತ್ತು. ಈಗ ಬಾಯಿ ಬಿಟ್ಟರೆ ಎರಡು ವರ್ಷದ ಓದು ಹೋಯಿತು. ಬಿಡದಿದ್ದರೆ ಈ ಮನುಷ್ಯ ತನ್ನ ಮೈಯನ್ನೇ ಬೈದುಕೊಳ್ಳುತ್ತ ಮನೆಗೆ ಹೋಗುತ್ತಾನೆ. ಎರಡನ್ನೂ ಅಷ್ಟೇ ಸ್ಪಷ್ಟವಾಗಿ ಕಂಡರು, ಬೆನ್ನ ಮೇಲೆ ಬರೆದ ಕೆಂಪು ಗೆರೆ ಕಪ್ಪು ಚುಕ್ಕೆಗಳ ಹಾಗೆ. ಕಂಡಕ್ಟರು ಕೈಯನ್ನು ನೋಡಿದರು, ಮಗಳನ್ನು ನೋಡಿದರು, ಕೊನೆಗೆ ಮೇಷ್ಟ್ರನ್ನು ನೋಡಿದರು.

"ನಿನ್ನೆ ಬಂದಿತ್ತು ಮೇಡಂ. ಸತ್ಯವಾಗ್ಲೂ. ಮಗಳನ್ನ ಕೇಳಿ ಬೇಕಾದ್ರೆ."

"ಹೌದು ಮೇಡಂ, ಎದೆವರೆಗೂ ಬಂದಿತ್ತು. ನಾನೇ ನೋಡಿದೀನಿ."

ಮೇಡಂ ಮೇಷ್ಟ್ರ ಕಡೆ ತಿರುಗಿದರು. "ನಿಮ್ಮ ಕೈ ಇತ್ತಾ ಕೆಳಗೆ?"

"ಅವರೇನೂ ಮಾಡಿಲ್ಲ," ಅಂದರು ಕಂಡಕ್ಟರು, ತುಸು ಗಡಸಾಗಿಯೇ. "ಕೈ ಇಟ್ಟಿದ್ರೆ ನನಗೆ ಗೊತ್ತಾಗಲ್ವಾ ಮೇಡಂ? ನನ್ನ ಕೈಯಲ್ವಾ ಅದು?"

ಗಾಡಿ ಒದೆಯುವುದು ನಿಂತಿತ್ತು. "ಭಾರ ಹಿಡಿದಿದ್ದೆ," ಅಂದರು ಮೇಷ್ಟ್ರು. "ಅಷ್ಟೇ."

"ತಪ್ಪು ನಂದೇ," ಕಂಡಕ್ಟರು ಅವಸರವಾಗಿ ಸೇರಿಸಿದರು. "ರಾತ್ರಿ ಕಣ್ಣಿಗೆ ನಿದ್ದೆ ಹತ್ತಲಿಲ್ಲ, ಅದಕ್ಕೇ ಹೀಗೆ. ನನ್ನ ಕೈ ಮಾಡಿದ ಕಿತಾಪತಿಗೆ ಇವರನ್ನ ಫೇಲ್ ಮಾಡ್ಬೇಡಿ ಮೇಡಂ, ದಮ್ಮಯ್ಯ."

ಮೇಡಂ ಹೊರಗೆ ಕರೆದುಕೊಂಡು ಹೋದರು. ನೀರಿನ ಫಿಲ್ಟರಿನ ಹತ್ತಿರ, ಲೋಟಕ್ಕೆ ನೀರು ಹಿಡಿಯುತ್ತ, ಮುಖ ನೋಡದೆ ಹೇಳಿದರು. "ಪಾಸು. ಹೋದ ಸಲ ಇದ್ದ ಮನುಷ್ಯ ಅಲ್ಲ ನೀವು. ಅಷ್ಟು ಹೊತ್ತು ಕಾದ್ರಿ, ಒಂದ್ಸಲವೂ ಕೈ ಮುಂದೆ ಬರಲಿಲ್ಲ. ನಾನು ನೋಡ್ತಾ ಇದ್ದದ್ದು ಅದನ್ನೇ." ಮೇಷ್ಟ್ರಿಗೆ ಏನನ್ನಾದರೂ ಒದೆಯಬೇಕು ಅನಿಸಿತು. ಒದೆಯುವಂಥದ್ದು ಅಲ್ಲಿ ಏನೂ ಇರಲಿಲ್ಲ. ಮೇಡಂ ಅರ್ಧ ಲೋಟ ಕುಡಿದು ಉಳಿದದ್ದನ್ನು ಚೆಲ್ಲಿದರು. "ಅವರಿಗೆ ಎಡಗಡೆ ಸ್ಪರ್ಶ ಇಲ್ಲ, ಅಲ್ವಾ?" ಎಂದು ಕೇಳಿದರು. ಉತ್ತರಕ್ಕೆ ನಿಲ್ಲಲಿಲ್ಲ. ಎರಡು ಹೆಜ್ಜೆ ಹೋಗಿ ತಿರುಗಿದರು. "ಆ ಕೈ ಬರಲ್ಲ ಮೇಷ್ಟ್ರೇ. ನಿಮಗೂ ಗೊತ್ತು. ಸೋಮವಾರ ಮನೆಗೆ ಕಳಿಸ್ತಾರೆ. ಅವರಿಗೆ ನೀವೇ ಹೇಳಿ. ಅದೂ ಈ ಕೆಲಸವೇ."

ಹೆಂಡತಿಗೆ ಫೋನು ಮಾಡಿದರು. "ಪಾಸಾಯ್ತು" ಅಂದರು. ಆಕೆ, "ಮತ್ತೆ ದನಿ ಯಾಕ್ರೀ ಹೀಗಿದೆ, ಯಾರಾದ್ರೂ ಹೋದ್ರಾ?" ಅಂದಳು. ಇಲ್ಲ ಎಂದು ಇಟ್ಟರು. ಇಷ್ಟು ದಿನ ಫೇಲಾದ ಮಾತನ್ನು ಮನೆಯಲ್ಲಿ ಹೇಗೆ ಹೇಳುವುದು ಎಂದೇ ತಾಲೀಮು ಮಾಡಿದ್ದರು. ಪಾಸಾದರೆ ಏನು ಹೇಳುವುದು ಎಂದು ಯೋಚಿಸಿರಲಿಲ್ಲ. ಗಾಜಿನ ಬಾಗಿಲಲ್ಲಿ ತನ್ನ ಬಿಂಬ ಕಂಡಿತು: ಕೈಗಳು ಮತ್ತೆ ಬೆನ್ನ ಹಿಂದಕ್ಕೆ ಹೋಗಿದ್ದವು.

ವಾರ್ಡಿಗೆ ವಾಪಸು ಬಂದಾಗ ಮಗಳು ಟೀ ತರಲು ಹೋಗಿದ್ದಳು. ಕಂಡಕ್ಟರು ಅವರ ಮುಖ ಓದಲು ನೋಡಿದರು. "ಪಾಸಾ?"

"ಹೂಂ."

"ನಾನು ಹೇಳ್ಲಿಲ್ವಾ!" ಬಲಗೈ ಎತ್ತಿ ಮಂಚದ ಸರಳಿಗೆ ಟಣಟಣ ಬಡಿದರು, ಬಸ್ಸು ಹೊರಡಿಸುವವರ ಹಾಗೆ. "ಬಿಸ್ಕತ್ತಲ್ಲಿ ಬಿಡಲ್ಲ, ಸಿಹಿ ಕೊಡಿಸ್ಬೇಕು ನೀವು."

"ಕಂಡಕ್ಟರೇ, ಒಂದು ಮಾತು ಹೇಳ್ಬೇಕು."

"ಇರಿ, ಆಮೇಲೆ ಹೇಳೋರಂತೆ. ಇನ್ನೊಂದ್ಸಲ ನೋಡೇಬಿಡೋಣ. ಆಯಮ್ಮ ಹಾಗೆ ದಿಟ್ಟಿಸ್ತಾ ಕೂತ್ರೆ ಯಾರಿಗಾದ್ರೂ ಕೈಕಾಲು ಆಡುತ್ತಾ? ಈಗ ನಾವಿಬ್ರೇ. ಕಣ್ಣು ಮುಚ್ಕೊಂಡು ಮಾಡ್ತೀನಿ, ಕೈಗೂ ನಾಚಿಕೆ ಆಗಲ್ಲ."

ಕಣ್ಣು ಮುಚ್ಚಿದರು. ರೆಪ್ಪೆಗಳು ಒತ್ತಿ ಹಿಡಿದು ನಡುಗುತ್ತಿದ್ದವು. ಭುಜ ಕಿವಿಯ ಕಡೆಗೆ ಒಂದಿಷ್ಟು ಏರಿತು, ಅಷ್ಟೆ. ಕುತ್ತಿಗೆಯ ನರ ಹಗ್ಗದಂತೆ ಎದ್ದಿತು. ಕೈ ತೊಡೆಯ ಮೇಲೆ ಬಿದ್ದಿತ್ತು. ಮೊಣಕೈಗೂ ಹಾಸಿಗೆಗೂ ನಡುವೆ ಒಂದು ಅಂಗೈ ತೂರುವಷ್ಟು ಜಾಗ ಇತ್ತು. ಟವೆಲ್ ಇರಲಿಲ್ಲ; ಪಕ್ಕದ ಮಂಚದವರು ಆ ಕಡೆ ತಿರುಗಿ ಮಲಗಿದ್ದರು, ನೋಡುವವರೂ ಇರಲಿಲ್ಲ. ಮೇಷ್ಟ್ರ ಖಾಲಿ ಅಂಗೈಯಲ್ಲಿ ಆ ತೋಳಿನ ತೂಕದ ನೆನಪು ತಾನಾಗಿಯೇ ಬಂದು ಕೂತಿತು.

"ಹೊರಟಿದೆ ಅನ್ಸುತ್ತೆ," ಅಂದರು ಕಂಡಕ್ಟರು, ಹಲ್ಲು ಕಚ್ಚಿಕೊಂಡು. "ಯಾವ ಸ್ಟಾಪು ಮೇಷ್ಟ್ರೇ?"

ಮೇಷ್ಟ್ರು ಮೊಣಕೈ ಕೆಳಗಿನ ಖಾಲಿ ಜಾಗವನ್ನೇ ನೋಡುತ್ತಿದ್ದರು.

"ಮೊದಲನೇದು ದಾಟ್ತಾ?"

ಕೆಳಗೆ ರಸ್ತೆಯಲ್ಲಿ ಬಸ್ಸೊಂದು ನಿಂತು ಜನರನ್ನು ಹತ್ತಿಸಿಕೊಂಡು ಹೋಯಿತು.

"ಹೇಳಿ ಮೇಷ್ಟ್ರೇ," ಅಂದರು ಕಂಡಕ್ಟರು. ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ನೀವು ಹೇಳೋವರೆಗೂ ನಾನು ಕಣ್ಣು ಬಿಡಲ್ಲ."

ಮೇಷ್ಟ್ರು ಕೈ ಹಿಂದೆ ಕಟ್ಟಿಕೊಂಡು ಕಾಯುತ್ತ ನಿಂತರು.